ಓಣಿಯ ಮೋಡ ಬಿಚ್ಚಿದವರು

ಮಧ್ಯರಾತ್ರಿ ಯಾರೋ ಬಾಗಿಲನ್ನು ಮೂರು ಸಲ ತಟ್ಟಿದರು.

ಒಂದು ಕಾಲದಲ್ಲಿ ವಿಜ್ಞಾನ ಕಲಿಸುತ್ತಿದ್ದ ಗಂಗಾಬಾಯಿ ಚಿಲಕ ತೆಗೆದರು. ಹೊಸ್ತಿಲಾಚೆ ಮೋಡ ಇಲಾಖೆಯ ಮುಖ್ಯ ವಿಜ್ಞಾನಿ ಹಳೆಯ ಕಡತ ಹಿಡಿದು ನಿಂತಿದ್ದಳು. ಎದುರಿನ ಶಾಲೆಯ ಮಾಳಿಗೆಯಲ್ಲಿ, ಗೂಟಕ್ಕೆ ಕಟ್ಟಿದ ಓಣಿಯ ಮೋಡ ಎಂದಿನಂತೆ ಹಗ್ಗ ಜಗ್ಗುತ್ತಿತ್ತು.

“ಅಕ್ಕೋರ, ಮೂವತ್ತು ವರ್ಷದ ಹಿಂದ ಈ ಮೋಡ ಬಿಚ್ಚಿ ಬಿಟ್ಟವರು ನೀವಂತ ಇದರಾಗ ಬರದೈತಿ.”

“ಅದಕ್ಕ ನೌಕರಿ ಕಳಕೊಂಡೀನಲ್ಲವಾ. ಇನ್ನ ಚಹಾಪುಡಿ ಜಪ್ತಿ ಮಾಡತೀಯೇನು?”

ಹಾಸ್ಯದ ಹಿಂದೆ ಒಂದು ಗುಟ್ಟಿತ್ತು. ಅಂದು ಗೂಟದ ಬಳಿ ಕಂಡ ಪುಟ್ಟ ಹೆಜ್ಜೆಗಳನ್ನು ಅವರೇ ಸೆರಗಿನಿಂದ ಅಳಿಸಿದ್ದರು. “ಬಿಟ್ಟರ ಮೋಡ ಎಲ್ಲಿಗೆ ಹೋಗತೈತ್ರಿ?” ಎಂದು ವಾರವಿಡೀ ಕಾಡಿದ ನಾಲ್ಕನೇ ತರಗತಿಯ ಮಗು ಶಾಲೆಯಿಂದ ಹೊರಬೀಳಬಾರದೆಂದು ತಪ್ಪನ್ನು ತಾವೇ ಹೊತ್ತಿದ್ದರು.

“ಬಿಟ್ಟ ಮೋಡ ಹೊಳಿಗೆ ಹೋಗಿ ನೀರು ಕುಡದು ಹೊಳ್ಳಿ ಬರತೈತಂತ ಈಗ ಸಿದ್ಧ ಆಗೇತ್ರಿ. ಇವತ್ತ ರಾತ್ರಿ ರಾಜ್ಯದ ಎಲ್ಲಾ ಮೋಡ ಬಿಚ್ಚತೀವಿ. ಅದಕ್ಕೂ ಮೊದಲ ಈ ಹೆಸರು ತಿದ್ದಬೇಕು.”

“ಬ್ಯಾಡ. ಖರೇ ಹೆಸರು ಬರದರ ಒಬ್ಬರ ಕುರ್ಚಿ ಹೋಗತೈತಿ.”

“ಹೋದರ ಹೋಗಲ್ರಿ. ಸುಳ್ಳು ಉತ್ತರಕ್ಕ ನೀವು ಎಂದಾದ್ರೂ ಮಾರ್ಕ್ಸ್ ಕೊಟ್ಟೀರೇನು?”

ಗಂಗಾಬಾಯಿಯವರ ಎದೆ ಹೆಮ್ಮೆಯಿಂದ ಉಬ್ಬಿತು. ಉತ್ತರಪತ್ರಿಕೆ ತಿದ್ದುತ್ತಿದ್ದ ಕೆಂಪು ಪೆನ್ನನ್ನು ತಾವಾಗಿಯೇ ತಂದುಕೊಟ್ಟರು. ಮುಖ್ಯ ವಿಜ್ಞಾನಿ ಅವರ ಕಾಲಬಳಿ ನೆಲದ ಮೇಲೆ ಕುಳಿತು, ಹಳೆಯ ಹೆಸರನ್ನು ಹೊಡೆದುಹಾಕಿ, ತನ್ನ ‘ಡಾಕ್ಟರ್’ ಪದವಿಯನ್ನು ಬಿಟ್ಟು, ದುಂಡಗೆ ಬರೆದಳು:

“ಅಪರಾಧಿ: ನೀಲವ್ವ ತಳವಾರ, ನಾಲ್ಕನೇ ಇಯತ್ತೆ.”