ಬಾಗಿಲು ಕೇಳಿದ ಹಕಾರ

ಬಾಗಿಲುಗಳೆಲ್ಲ ಮಾತು ಕೇಳಿ ತೆರೆದುಕೊಳ್ಳುವ ಕಾಲ ಬಂದ ಮೇಲೆ, ಪೇಟೆಯ ವಾಕ್ ಶ್ರವಣ ಚಿಕಿತ್ಸಾಲಯದ ಬಾಗಿಲೂ ಬಂದವರ ಉಚ್ಚಾರಣೆ ತಿದ್ದತೊಡಗಿತ್ತು. ಮೂರು ವರ್ಷ ತುಂಬಿದರೂ ಒಂದು ಮಾತೂ ಆಡದ ಮೊಮ್ಮಗಳು ಇಂಚರಳನ್ನು ಸೊಂಟಕ್ಕೇರಿಸಿಕೊಂಡು ಚೌಡಮ್ಮ ಅದರ ಮುಂದೆ ನಿಂತಳು.

“ಹೆಸರು ಹೇಳಿ,” ಎಂದಿತು ಬಾಗಿಲು.

“ಎಸ್ರು ಇಂಚ್ರ ಕನಪ್ಪ. ಕೂಸ್ಗೆ ಮಾತು ಬರಾಕಿಲ್ಲ, ಡಾಕ್ಟ್ರಿಗೆ ತೋರುಸ್ಬೇಕು.”

“ಎಸ್ರು ಅಲ್ಲ, ಹೆಸರು. ಮೊದಲು ‘ಹ’ ಅನ್ನಿ.”

“ಅ.”

“ಹ.”

“ನಾನೂ ಅದ್ನೇ ಏಳ್ತಾ ಇವ್ನಲ್ಲ, ಅ. ನಿಂಗೇನು ಕಿವಿ ಕೇಳಾಕಿಲ್ವಾ?”

ಅಜ್ಜಿ ಬಾಗಿಲಿನ ಜೊತೆ ಜಗಳಕ್ಕೆ ಬಿದ್ದದ್ದು ಕಂಡು ಇಂಚರಳಿಗೆ ನಗು ತಡೆಯಲಾಗಲಿಲ್ಲ. ಹ ಹ ಹ ಎಂದು ಕೇಕೆ ಹಾಕಿದಳು.

ಬಾಗಿಲು ಹಿಗ್ಗಿಹೋಯಿತು. “ಮಗುವಿನ ಉಚ್ಚಾರಣೆ ಶುದ್ಧವಾಗಿದೆ, ಚಿಕಿತ್ಸೆ ಬೇಕಿಲ್ಲ. ಅಜ್ಜಿಯವರ ಸಮಸ್ಯೆ ಗಂಭೀರವಾಗಿದೆ. ಅವರೊಬ್ಬರೇ ಒಳಗೆ ಬರಬಹುದು,” ಎಂದು ತೆರೆದುಕೊಂಡಿತು.

ಪುಣ್ಯಕ್ಕೆ ಆ ಬಾಗಿಲಿಗೆ ಕಿವಿಯಿತ್ತೇ ಹೊರತು ಕಣ್ಣಿರಲಿಲ್ಲ. ಮಾತು ಬರಿಸಲೆಂದು ಕರೆತಂದ ಮಗುವಿನ ಬಾಯಿಗೆ ಸೆರಗು ಒತ್ತಿ, “ಉಸ್ರೆತ್ಬ್ಯಾಡ ಕನವ್ವ,” ಎಂದು ಪಿಸುಗುಟ್ಟುತ್ತ ಚೌಡಮ್ಮ ಒಳಗೆ ನುಗ್ಗಿದಳು.