ಹಿತ್ತಲ ಹಬೆ

ಹಿತ್ತಲಿನ ತಗಡಿನ ಮರೆಯನ್ನು ಅಫ್ರಿಯೆಯ ಸೋದರಮಾವ ಓಪೋಂಗ್ ಕಿತ್ತು ಪಕ್ಕಕ್ಕೆಸೆದರು. ಕೆಂಡದ ಮೇಲೆ ಬಾಯಿ ಬೆಸೆದ ಪೀಪಾಯಿ, ಅದರ ನೆತ್ತಿಯಿಂದ ಇಳಿದ ತಾಮ್ರದ ಕೊಳವೆ. ಕುಮಾಸಿಯಲ್ಲಿ ಯಾರನ್ನು ಕರೆದು ತೋರಿಸಿದರೂ ಸಾರಾಯಿ ಭಟ್ಟಿ ಎಂದೇ ಹೇಳುತ್ತಿದ್ದರು.

"ನೋಡಿದ್ರಾ ಮಾವ?" ಎಂದಳು ಅಫ್ರಿಯೆ. "ಕುಡಿಯೋದು ಬಿಟ್ಟೆ ಅಂತ ಚರ್ಚಲ್ಲಿ ಎಲ್ಲರ ಮುಂದೆ ಆಣೆ ಮಾಡಿದ. ಈಗ ಕಾಯಿಸೋಕೇ ಕೂತಿದ್ದಾನೆ."

ಮಾವ ಚೀಲದಿಂದ ಜಿನ್ ಬಾಟಲಿ ತೆಗೆದು ಮಣೆಯ ಮೇಲಿಟ್ಟರು. ಮದುವೆಗೆ ಗಂಡಿನವರು ಕೊಟ್ಟ ಮದ್ಯವನ್ನು ಹೆಣ್ಣಿನವರು ಹಿಂದಿರುಗಿಸಿದರೆ ಅಲ್ಲಿಗೆ ಸಂಸಾರ ಮುಗಿದಂತೆ. ಅವಳ ಗಂಡ ಅಗ್ಯೇಕುಂ ಇಕ್ಕಳ ಹಿಡಿದು ನಿಂತೇ ಇದ್ದ. ಅವನ ಮಾತನ್ನು ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಅದು ಅವನೇ ಕುಡಿದು ಸಂಪಾದಿಸಿದ ಹೆಸರು.

"ಜಿಡ್ಡು ಹಿಡಿದ ಕಾರಿನ ಸಾಮಾನು ಹಬೇಲಿ ತೊಳೆಯೋಕೆ ಮಾಡಿದ್ದು ಮಾವ."

"ಊರೆಲ್ಲ ಪೆಟ್ರೋಲಲ್ಲಿ ತೊಳೀತಾರೆ. ಅದನ್ನ ಗ್ಯಾರೇಜಲ್ಲಿ ಮಾಡದೆ ಇಲ್ಲಿ ಬಚ್ಚಿಟ್ಟು ಯಾಕಪ್ಪ ಮಾಡ್ತೀಯ?"

"ಸುಆಮೆ ಗ್ಯಾರೇಜು ಕೇರಿ ನಿಮಗೆ ಗೊತ್ತಿಲ್ವಾ? ಬೆಳಿಗ್ಗೆ ಒಬ್ಬ ಮಾಡಿದ್ದು ಸಂಜೆಗೆ ಹತ್ತು ಅಂಗಡೀಲಿ ಇರುತ್ತೆ."

"ಕಟ್ಕೊಂಡವಳಿಗೂ ಹೇಳಬಾರದಾ?" ಅಫ್ರಿಯೆ ಸಿಡುಕಿದಳು.

"ನಿನ್ನ ತಮ್ಮನ ಅಂಗಡಿ ನನ್ನ ಪಕ್ಕದ್ದೇ ಅಲ್ವಾ ತಾಯಿ."

ಮಾವ ಕೊಳವೆಯ ತುದಿಯ ಹನಿಯನ್ನು ಬೆರಳಿಗೆ ಹಚ್ಚಿ ನೆಕ್ಕಿದರು. ಅಂಥ ವಿಷಯದಲ್ಲಿ ಪಳಗಿದ ನಾಲಿಗೆ. ಥೂ ಎಂದು ಉಗಿದರು. "ತುಕ್ಕು ನೀರು. ಆದರೆ ಇವತ್ತು ನೀರು, ನಾಳೆ ಏನೋ."

ಅಗ್ಯೇಕುಂ ಇಕ್ಕಳದಿಂದ ಕೊಳವೆಯನ್ನು ನೆಲದ ಮೇಲಿದ್ದ ಹಳೇ ಗೇರ್‌ಬಾಕ್ಸಿನತ್ತ ಹಿಡಿದು ನಲ್ಲಿ ತಿರುಗಿಸಿದ. ಬುಸ್ಸೆಂದು ನುಗ್ಗಿದ ಹಬೆಗೆ ಗೇರ್‌ಬಾಕ್ಸಿನ ಮೇಲಿದ್ದ ವರ್ಷಗಳ ಕರಿ ಜಿಡ್ಡು ಕರಗಿ ಇಳಿಯಿತು. ಒಳಗಿನ ಲೋಹ ಬೆಳ್ಳಗೆ ಕಂಡಿತು. ಅಫ್ರಿಯೆ ಬಾಯಿಗೆ ಕೈ ಅಡ್ಡ ಹಿಡಿದು ಅಲ್ಲೇ ಕೂತಳು. ಅವಳಿಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು.

ಮಾವನ ಮುಖ ಅರಳಿತು. ಜಗಳ ಮುಗಿದ ಮೇಲೆ ರಾಜಿಯ ಗುಟುಕು ಕುಡಿಯದೆ ಎದ್ದುಹೋಗುವುದು ಅವರ ಮನೆತನದಲ್ಲಿಲ್ಲ. ಬಾಟಲಿಯ ಮುಚ್ಚಳ ತಿರುಚಿ, ಲೋಟಕ್ಕೆ ಸುರಿದು, ಅಳಿಯನ ಮುಂದೆ ಹಿಡಿದರು.

"ತಗೋಪ್ಪ. ಮನಸ್ಸಲ್ಲಿ ಏನೂ ಇಟ್ಕೋಬೇಡ. ಒಂದೇ ಗುಟುಕು."

ಅಗ್ಯೇಕುಂ ಬೇಡವೆನ್ನಲಿಲ್ಲ. ಇಕ್ಕಳ ಕೆಳಗಿಟ್ಟ. ಅವನ ಬಲಗೈ ತಾನಾಗಿ ಮುಂದೆ ಬರುವುದನ್ನು ಅಫ್ರಿಯೆ ನೋಡಿದಳು. ಎದ್ದವಳೇ ಲೋಟ ಕಸಿದು, ತೀರಿಹೋದ ಹಿರಿಯರಿಗೆ ನೆಲಕ್ಕೆ ಎರೆಯುವ ಪದ್ಧತಿಯಂತೆ ಮಣ್ಣಿಗೆ ಸುರಿದಳು. ಬಾಟಲಿಯನ್ನೂ ಬೋರಲು ಹಿಡಿದಳು.

"ಎಲ್ಲಾನೂ ಸತ್ತ ಹಿರಿಯರೇ ಕುಡೀಲಿ ಮಾವ. ಇವನು ನನಗೆ ಬದುಕಿರಬೇಕು."