ತಾವರೆ ತೊಟ್ಟಿಗೆ ಎಂಟು ಮೀನು

ಮನೆಯೊಡತಿ ಅಜ್ಜಿ ಅಂಗಳದ ಹಳೇ ಸಿಮೆಂಟ್ ತೊಟ್ಟಿಗೆ ಮತ್ತೆ ಕೆರೆಮಣ್ಣು ತುಂಬಿ, ತಾವರೆ ಗೆಡ್ಡೆ ನೆಟ್ಟು, ನೀರು ಬಿಡುತ್ತಿದ್ದರು. ಬಾಡಿಗೆಗೆ ಬಂದು ವಾರವಷ್ಟೇ ಆಗಿದ್ದ ವನಿತಾ ಮಗುವನ್ನು ಎತ್ತಿಕೊಂಡು ಓಡಿಬಂದಳು.

“ನಿಂತ ನೀರು ಅಜ್ಜಿ! ಸೊಳ್ಳೆಯಾಗಿ ನನ್ನ ಮಗೂಗೆ ಡೆಂಗಿ ಬಂದ್ರೆ?”

“ತಡಿಯಮ್ಮ,” ಎಂದ ಅಜ್ಜಿ ತಂಬಿಗೆಯಲ್ಲಿದ್ದ ಎಂಟು ಗಪ್ಪಿ ಮೀನುಗಳನ್ನು ಮೆಲ್ಲಗೆ ತೊಟ್ಟಿಗಿಳಿಸಿದರು. “ಇವು ಒಂದು ಸೊಳ್ಳೆಮರಿಯನ್ನೂ ಉಳಿಸಲ್ಲ.”

ವನಿತಾಗೆ ಹೋದ ಜೀವ ಬಂದಂತಾಯಿತು.

“ಈ ವಯಸ್ಸಲ್ಲಿ ಮೀನಿನ ಹುಚ್ಚಾ ನಿಮಗೆ!” ಎಂದು ನಕ್ಕಳು.

“ನನಗಲ್ಲಮ್ಮ, ನನ್ನ ಮೊಮ್ಮಗಳಿಗಿತ್ತು. ಹೋದ ಮಳೆಗಾಲ ಡೆಂಗಿ ಬಂದು ತೀರಿಕೊಂಡಳು.” ಅಜ್ಜಿ ನೀರಿನಿಂದ ಕಣ್ಣೆತ್ತಲಿಲ್ಲ. “ಈ ತೊಟ್ಟಿಗೆ ಮೀನು ಬಿಡಜ್ಜಿ ಅಂತ ದಿನಾ ಗೋಗರೀತಿದ್ಲು. ತಾವರೆ ಒಂದೇ ಸಾಕು ಅಂದಿದ್ದೆ.”